ಕ್ಲೋರಿನ್ 35.5 ಅಂದರೆ ಅರ್ಧ ನ್ಯೂಟ್ರಾನ್ ಎಲ್ಲಿಂದ ಬಂತು?

ತುಮಕೂರಿನ ಅಮ್ಮ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ‘ಪರಮಾಣುವಿನ ರಚನೆ’ ಪಾಠ ಓದುತ್ತಾ ಕೂತಿದ್ದವಳು ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಬಂದು ಕೇಳಿದಳು: “ಅಮ್ಮ, ಕ್ಲೋರಿನ್ ಪರಮಾಣು ರಾಶಿ 35.5 ಅಂತಿದೆ. ಪ್ರೋಟಾನ್ 17. ಹಾಗಾದರೆ ನ್ಯೂಟ್ರಾನ್ ಹದಿನೆಂಟೂವರೆನಾ? ಅರ್ಧ ನ್ಯೂಟ್ರಾನ್ ಹೇಗಿರುತ್ತೆ?” ನಾನು ಓದಿದ್ದು ಕಾಮರ್ಸ್, ಏನೂ ಹೇಳೋಕಾಗಲಿಲ್ಲ. ನಾಳೆ ಹೇಳ್ತೀನಿ ಅಂದಿದ್ದೀನಿ.

ಇನ್ನೊಂದು ವಿಷಯ. ಕಿರುಪರೀಕ್ಷೆಯಲ್ಲಿ ಕ್ಲೋರೈಡ್ ಅಯಾನಿನಲ್ಲಿ ಪ್ರೋಟಾನ್ ಎಷ್ಟು, ಎಲೆಕ್ಟ್ರಾನ್ ಎಷ್ಟು ಅಂತ ಕೇಳಿದ್ದರು. ತಲೆ ಮೇಲೆ ಮೈನಸ್ ಇದೆಯಲ್ಲ ಅಂತ ಇವಳು ಒಂದು ಕಳೆದು ಎಲೆಕ್ಟ್ರಾನ್ 16 ಬರೆದಿದ್ದಾಳೆ. ಇವಳ ಗೆಳತಿ ಪ್ರೋಟಾನ್ 18 ಬರೆದಿದ್ದಾಳೆ. ಇಬ್ಬರಿಗೂ ಸೊನ್ನೆ. ಯಾಕೆ ತಪ್ಪು ಅಂತ ಯಾರೂ ಬಿಡಿಸಿ ಹೇಳಿಲ್ಲ. ಕ್ಲಾಸಿನಲ್ಲಿ ಅಷ್ಟೊಂದು ಮಕ್ಕಳು, ಮೇಷ್ಟ್ರಿಗೂ ಕಷ್ಟವೇ. ಗೊತ್ತಿದ್ದವರು ಕನ್ನಡದಲ್ಲಿ, ಮಗುವಿಗೆ ಓದಿ ಹೇಳುವ ಹಾಗೆ ಬರೆದರೆ ಉಪಕಾರ ಆಗುತ್ತೆ.

ಲೆಕ್ಕದ ಹುಡುಗ · ಸೋಮವಾರ ರಾತ್ರಿ 9:58

ಅಕ್ಕ, ಅರ್ಧ ನ್ಯೂಟ್ರಾನ್ ಎಲ್ಲೂ ಇಲ್ಲ. 35.5 ಅನ್ನೋದು ಸರಾಸರಿ. ಪ್ರಕೃತಿಯಲ್ಲಿ ಸಿಗುವ ಕ್ಲೋರಿನ್ ಎರಡು ಥರ: ನ್ಯೂಟ್ರಾನ್ 18 ಇರುವುದು, 20 ಇರುವುದು. ಯಾವುದಾದರೂ ನಾಲ್ಕು ಪರಮಾಣು ತೆಗೆದುಕೊಂಡರೆ ಹೆಚ್ಚುಕಡಿಮೆ ಮೂರು 35ರವು, ಒಂದು 37ರದು. 35 + 35 + 35 + 37 = 142. ನಾಲ್ಕರಿಂದ ಭಾಗಿಸಲು ಹೇಳಿ, 35.5 ಬರುತ್ತೆ.

ತುಮಕೂರಿನ ಅಮ್ಮ · ಸೋಮವಾರ ರಾತ್ರಿ 10:15

ಧನ್ಯವಾದ ತಮ್ಮ. ಲೆಕ್ಕ ತಕ್ಷಣ ಹಿಡಿದಳು. ಆದರೆ ಈಗ ಹೊಸ ಗೊಂದಲ: “ಹಾಗಾದರೆ 37 ಇರೋದೇ ಅಯಾನಾ? ಅದೂ ಬೇರೆ ಥರದ ಕ್ಲೋರಿನ್ನೇ, ಇದೂ ಬೇರೆ ಥರದ ಕ್ಲೋರಿನ್ನೇ. ಎರಡಕ್ಕೂ ಏನು ವ್ಯತ್ಯಾಸ?” ನಾನು ಮತ್ತೆ ಸುಮ್ಮನಾದೆ.

ಗದಗಿನ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 6:20

ತಂಗಿ, ನಾನು ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸಿ ನಿವೃತ್ತ ಆದವ. ನಿಮ್ಮ ಮಗಳು ಕೇಳಿದ ಪ್ರಶ್ನೆ ಬಾಳ ಚಲೋ ಐತಿ. ಈ ಪಾಠದಾಗ ಮಕ್ಕಳು ಮುಗ್ಗರಿಸೋದು ಇಲ್ಲೇ. ನಿಧಾನಕ್ಕ ಬರೀತೀನಿ, ಓದಿ ಹೇಳ್ರಿ.

ಡಬ್ಬಿಯೊಳಗಿನ ಉಪ್ಪು ಒಂದು ಚಿಟಿಕೆ ಮಗಳ ಅಂಗೈಗೆ ಹಾಕ್ರಿ. ಒಂದು ಗ್ರಾಂ ಉಪ್ಪಿನ್ಯಾಗ 1ರ ಮುಂದ 22 ಸೊನ್ನೆ ಬರೆದಷ್ಟು ಸೋಡಿಯಂ-ಕ್ಲೋರಿನ್ ಜೋಡಿ ಇರ್ತಾವು. ಅಲ್ಲಿರೋ ಕ್ಲೋರಿನ್ ಎಲ್ಲಾನೂ ಅಯಾನು, ಒಂದೂ ಬಿಡಂಗಿಲ್ಲ. ಸೋಡಿಯಂ ಕೊಟ್ಟ ಒಂದು ಎಲೆಕ್ಟ್ರಾನ್ ಪ್ರತಿಯೊಂದೂ ಇಸಗೊಂಡು ಕೂತೈತಿ. ಅದೇ ಅಯಾನುಗಳ ಪೈಕಿ ನಾಕರಾಗ ಒಂದು 37, ಉಳಿದವು 35. ಅಂದ್ರ ಒಂದೇ ಕ್ಲೋರಿನ್ ಅಯಾನೂ ಹೌದು, 37ರ ಸಮಸ್ಥಾನಿಯೂ (ಐಸೋಟೋಪ್) ಹೌದು. ‘ಅಯಾನೋ ಸಮಸ್ಥಾನಿಯೋ’ ಅಂತ ಕೇಳೋದು ‘ಅವರು ಗದಗಿನವರೋ ಎಡಚರೋ’ ಅಂತ ಕೇಳಿದಂಗ. ಗದಗಿನ ಎಡಚರೂ ಇರ್ತಾರ ಅಲ್ಲೇನ್ರಿ?

ಮೂರು ಎಣಿಕಿ ಬ್ಯಾರೆ ಬ್ಯಾರೆ ಇಟ್ಕೊಳ್ಳಾಕ ಹೇಳ್ರಿ. ಪ್ರೋಟಾನ್ ಎಷ್ಟು ಅನ್ನೋದು ಹೆಸರು ಕೊಡ್ತೈತಿ. 17 ಇದ್ರ ಕ್ಲೋರಿನ್, ಬ್ಯಾರೆ ಏನೂ ಆಗಾಕ ಸಾಧ್ಯ ಇಲ್ಲ. ಗೆಳತಿ 18 ಬರೆದಾಳಲ್ಲ, 18 ಪ್ರೋಟಾನ್ ಇದ್ದದ್ದು ಆರ್ಗಾನ್, ಬ್ಯಾರೆ ಧಾತುನೇ ಆತು. ಎಲೆಕ್ಟ್ರಾನ್ ಹೆಚ್ಚುಕಮ್ಮಿ ಆದ್ರ ಅಯಾನು. ನ್ಯೂಟ್ರಾನ್ ಹೆಚ್ಚುಕಮ್ಮಿ ಇದ್ರ ಸಮಸ್ಥಾನಿ.

ಇನ್ನ ಮೈನಸ್ ವಿಷಯ. ಇದಕ್ಕ ನಾನು ಕ್ಲಾಸಿನ್ಯಾಗ ಸಾಲದ ಲೆಕ್ಕ ಹೇಳತಿದ್ದೆ. ಎಲೆಕ್ಟ್ರಾನ್ ಅಂದ್ರ ಒಂದು ರೂಪಾಯಿ ಸಾಲದ ಚೀಟಿ ಅಂತ ತಿಳ್ಕೋರಿ. ಪ್ರೋಟಾನ್ ಅಂದ್ರ ಕಿಸೇದಾಗಿನ ಒಂದು ರೂಪಾಯಿ. ಕ್ಲೋರಿನ್ ಹಂತ್ಯಾಕ 17 ರೂಪಾಯಿ, 17 ಚೀಟಿ, ಲೆಕ್ಕ ಚುಕ್ತಾ. ಇನ್ನೊಬ್ಬರ ಚೀಟಿ ಒಂದು ತಾನು ತಗೊಂಡ್ರ 18 ಚೀಟಿ ಆತು, ಲೆಕ್ಕ ಒಂದು ರೂಪಾಯಿ ಮೈನಸ್. ಚೀಟಿ ಕೊಟ್ಟು ಕಳಕೊಂಡ ಸೋಡಿಯಂ ಹಂತ್ಯಾಕ 11 ರೂಪಾಯಿ, 10 ಚೀಟಿ. ಅದು ಒಂದು ರೂಪಾಯಿ ಪ್ಲಸ್. ಮೈನಸ್ ಅಂದ್ರ ಎಲೆಕ್ಟ್ರಾನ್ ಕಳೀಬೇಕು ಅಂತ ಅಲ್ಲ, ಎಲೆಕ್ಟ್ರಾನ್ ಬಂದು ಸೇರೇತಿ ಅಂತ. ನಿಮ್ಮ ಮಗಳು 18 ಬರೀಬೇಕಾಗಿತ್ತು.

ಎಲೆಕ್ಟ್ರಾನ್ ಇಷ್ಟು ಸರಳ ಕೈ ಬದಲಾಯಿಸ್ತಾವು, ಪ್ರೋಟಾನ್ ಯಾಕ ಬದಲಾಯಿಸಂಗಿಲ್ಲ? ವಿಜಯಪುರದ ಗೋಳಗುಮ್ಮಟ ನೋಡೀರೇನು? ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಕ್ಲೋರಿನ್ ಪರಮಾಣು ಅಷ್ಟು ದೊಡ್ಡದು ಅಂತ ಇಟ್ಕೊಂಡ್ರ, ನಡುವಿನ ನ್ಯೂಕ್ಲಿಯಸ್ಸು ಒಂದು ರಾಗಿ ಕಾಳಿನಷ್ಟು, ಒಂದೂವರೆ ಮಿಲಿಮೀಟರ್. 17 ಪ್ರೋಟಾನ್, 18 ಇಲ್ಲಾ 20 ನ್ಯೂಟ್ರಾನ್ ಎಲ್ಲಾ ಆ ರಾಗಿ ಕಾಳಿನೊಳಗ ಗಚ್ಚಾಗಿ ಕೂತಾವು. ಪರಮಾಣುವಿನ ತೂಕದಾಗ ನೂರಕ್ಕ 99.97 ಪಾಲು ಅಲ್ಲೇ. ಉಳಿದ ಗುಮ್ಮಟದ ತುಂಬ ಬರೇ ಎಲೆಕ್ಟ್ರಾನ್ ಓಡಾಟ. ಒಲಿ ಮ್ಯಾಲ ಕುದಿಸ್ರಿ, ನೀರಾಗ ಕರಗಸ್ರಿ, ಆ್ಯಸಿಡ್ ಹಾಕ್ರಿ, ಗದ್ದಲ ಎಲ್ಲಾ ಗುಮ್ಮಟದ ಹೊರಗೋಡೆ ಹತ್ರನೇ ಆಗ್ತೈತಿ. ರಾಗಿ ಕಾಳಿಗೆ ಸುದ್ದಿನೂ ಮುಟ್ಟಂಗಿಲ್ಲ.

ಒಲೆ ಮುಂದಿನವಳು · ಮಂಗಳವಾರ ಬೆಳಿಗ್ಗೆ 8:05

ಮೇಷ್ಟ್ರೇ, ಬೆಳಿಗ್ಗೆ ಬೆಳಿಗ್ಗೆ ಎಂಥ ಚೆಂದದ ಪಾಠ! ನಾನೊಂದು ಸೇರಿಸ್ತೀನಿ. ಸಾರು ಉಕ್ಕಿ ಬರ್ನರ್ ಮೇಲೆ ಚೆಲ್ಲಿದಾಗ ನೀಲಿ ಉರಿ ಥಟ್ಟನೆ ಹಳದಿ ಆಗುತ್ತಲ್ಲ, ಅದು ಸಾರಿನ ಉಪ್ಪಿನಲ್ಲಿರುವ ಸೋಡಿಯಂ ಅಯಾನಿನ ಬಣ್ಣ. ಮಗುವಿಗೆ ಅಯಾನು ಕಣ್ಣಾರೆ ತೋರಿಸಬಹುದು.

ಪ್ರಯೋಗಶಾಲೆ, ಬೆಂಗಳೂರು · ಮಂಗಳವಾರ ಬೆಳಿಗ್ಗೆ 9:30

ಹಳದಿ ಉರಿ ಸೋಡಿಯಂನದೇ, ಅದು ಸರಿ. ಆದರೆ ಅಯಾನಿನದಲ್ಲ ಮೇಡಂ. ಎಲೆಕ್ಟ್ರಾನ್ ಕೊಟ್ಟುಬಿಟ್ಟ ಸೋಡಿಯಂನಲ್ಲಿ ಉಳಿದ ಹತ್ತು ಎಲೆಕ್ಟ್ರಾನ್ ತುಂಬಿದ ಕವಚಗಳಲ್ಲಿ ಬಿಗಿಯಾಗಿ ಕೂತಿರುತ್ತವೆ. ಒಲೆಯ ಶಾಖ ಅವನ್ನು ಅಲ್ಲಾಡಿಸಲಾರದು. ಉರಿಯೊಳಗೆ ಉಪ್ಪು ಆವಿಯಾಗಿ ಒಡೆದಾಗ ಸೋಡಿಯಂಗೆ ಅದರ ಹನ್ನೊಂದನೇ ಎಲೆಕ್ಟ್ರಾನ್ ವಾಪಸ್ ಸಿಗುತ್ತದೆ. ಆ ಒಂಟಿ ಎಲೆಕ್ಟ್ರಾನ್ ಶಾಖಕ್ಕೆ ಮೇಲಿನ ಮಟ್ಟಕ್ಕೆ ಜಿಗಿದು, ಕೆಳಗಿಳಿಯುವಾಗ 589 ನ್ಯಾನೋಮೀಟರ್ ಅಲೆಯ ಹಳದಿ ಬೆಳಕು ಬಿಡುತ್ತದೆ. ಹಳೆಯ ಸೋಡಿಯಂ ಬೀದಿದೀಪದ ಬಣ್ಣವೂ ಅದೇ. ಕಾಣಿಸುತ್ತಿರುವುದು ಅಯಾನಲ್ಲ, ಮತ್ತೆ ಪರಮಾಣುವಾದ ಸೋಡಿಯಂ. ಒಂದು ಎಲೆಕ್ಟ್ರಾನ್ ಇದ್ದರೆ ಹಳದಿ, ಇಲ್ಲದಿದ್ದರೆ ಬಣ್ಣವೇ ಇಲ್ಲ. ಅದನ್ನು ಹಾಗೇ ಹೇಳಿ ಮಗುವಿಗೆ.

ಮೂಲ ಪ್ರಶ್ನೆಯ ಬಗ್ಗೆ ಒಂದು ಮಾತು, ಇದನ್ನು ಆ ಹುಡುಗಿಗೆ ದಯವಿಟ್ಟು ತಲುಪಿಸಿ. ಅವಳು ಕೇಳಿದ್ದು ಚಿಕ್ಕ ಪ್ರಶ್ನೆಯಲ್ಲ. 1815ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ಎಂಬ ವೈದ್ಯ ಎಲ್ಲ ಧಾತುಗಳ ಪರಮಾಣು ತೂಕವೂ ಹೈಡ್ರೋಜನ್ನಿನ ತೂಕದ ಪೂರ್ಣ ಗುಣಕವೇ ಇರಬೇಕು ಎಂಬ ವಿಚಾರ ಮುಂದಿಟ್ಟ. ಹಲವು ಧಾತುಗಳಿಗೆ ಅದು ಹೊಂದುತ್ತಿತ್ತು: ಕಾರ್ಬನ್ 12, ಆಕ್ಸಿಜನ್ 16. ಕ್ಲೋರಿನ್ ಮಾತ್ರ ಹಟ ಹಿಡಿದು ಕೂತಿತು. ಎಷ್ಟು ಎಚ್ಚರಿಕೆಯಿಂದ ತೂಗಿದರೂ ಮೂವತ್ತೈದೂವರೆಯ ಹತ್ತಿರವೇ. ತಕ್ಕಡಿ ನಯವಾದಷ್ಟೂ ಆ ‘ಅರ್ಧ’ ಗಟ್ಟಿಯಾಗುತ್ತಾ ಹೋಯಿತು, ಪ್ರೌಟ್‌ನ ವಿಚಾರವನ್ನು ಬಹಳ ಜನ ಕೈಬಿಟ್ಟರು. ನೂರು ವರ್ಷ ಕಾಡಿದ ಪ್ರಶ್ನೆ ಅದು. 1919ರಲ್ಲಿ ಕೇಂಬ್ರಿಜ್‌ನ ಫ್ರಾನ್ಸಿಸ್ ಆಸ್ಟನ್ ರಾಶಿ ರೋಹಿತಲೇಖಿ ಕಟ್ಟಿದರು. ಪರಮಾಣುಗಳನ್ನು ಮೊದಲು ಅಯಾನುಗಳನ್ನಾಗಿ ಮಾಡಿ, ವಿದ್ಯುತ್ ಮತ್ತು ಕಾಂತ ಕ್ಷೇತ್ರದ ನಡುವೆ ಓಡಿಸುವ ಯಂತ್ರ. ಹಗುರಾದದ್ದು ಹೆಚ್ಚು ಬಾಗುತ್ತದೆ, ಭಾರದ್ದು ಕಡಿಮೆ. ಕ್ಲೋರಿನ್ ಹಾಕಿದಾಗ ಫೋಟೋ ಫಲಕದ ಮೇಲೆ 35ರ ಜಾಗದಲ್ಲಿ ಒಂದು ಗೆರೆ, 37ರ ಜಾಗದಲ್ಲಿ ಇನ್ನೊಂದು. 35.5ರ ಜಾಗದಲ್ಲಿ ಏನೂ ಇಲ್ಲ! 1922ರಲ್ಲಿ ಆಸ್ಟನ್‌ಗೆ ನೊಬೆಲ್ ಬಂತು.

ಗಮನಿಸಿ, ಆಗಿನ್ನೂ ನ್ಯೂಟ್ರಾನ್ ಗೊತ್ತಿರಲಿಲ್ಲ. ಚಾಡ್ವಿಕ್ ಅದನ್ನು ಕಂಡದ್ದು 1932ರಲ್ಲಿ. ಎರಡು ಕ್ಲೋರಿನ್ ಇವೆ ಎಂದು ಆಸ್ಟನ್ ತೋರಿಸಿದರು, ವ್ಯತ್ಯಾಸ ಎರಡು ನ್ಯೂಟ್ರಾನ್‌ಗಳದ್ದು ಎಂದು ಆಗ ಯಾರೂ ಹೇಳುವಂತಿರಲಿಲ್ಲ. ಮತ್ತೆ ಸಮಸ್ಥಾನಿಗಳನ್ನು ಬೇರ್ಪಡಿಸಿದ್ದು ಅಯಾನು ಮಾಡಿಕೊಂಡೇ, ಯಾಕೆಂದರೆ ವಿದ್ಯುದಂಶ ಇಲ್ಲದ ಪರಮಾಣು ಆ ಕ್ಷೇತ್ರಗಳಲ್ಲಿ ಬಾಗುವುದಿಲ್ಲ. ಪಾಠದಲ್ಲಿ ಬೇರೆ ಬೇರೆ ಪುಟದಲ್ಲಿರುವ ಎರಡು ವಿಷಯ ಆ ಯಂತ್ರದೊಳಗೆ ಒಂದಾಗಿದ್ದವು.

ತುಮಕೂರಿನ ಅಮ್ಮ · ಮಂಗಳವಾರ ಸಂಜೆ 5:45

ಓದಿ ಹೇಳಿದೆ. “ನಾನು ಕೇಳಿದ ಪ್ರಶ್ನೆ ನೂರು ವರ್ಷ ದೊಡ್ಡವರೂ ಕೇಳ್ತಿದ್ರಾ?” ಅಂತ ಎರಡು ಸಲ ಕೇಳಿದಳು. ಅವಳ ಮುಖ ನೀವೆಲ್ಲ ನೋಡಬೇಕಿತ್ತು.

ದ್ವಿತೀಯ ಪಿಯು · ಮಂಗಳವಾರ ಸಂಜೆ 6:30

ನನ್ನದೂ ಒಂದು ಪ್ರಶ್ನೆ. ತೆಳು ಲೋಹದ ಹಾಳೆಗೆ ಆಲ್ಫಾ ಕಣ (ಹೀಲಿಯಂನ ನ್ಯೂಕ್ಲಿಯಸ್) ಹಾಯಿಸಿ, ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಅಂತ ತಿಳಿದ ರುದರ್‌ಫೋರ್ಡ್ ಪ್ರಯೋಗ ಇದೆಯಲ್ಲ, ಅದರಲ್ಲಿ ವಾಪಸ್ ಪುಟಿದ ಕಣ ಎಷ್ಟಕ್ಕೊಂದು? ಒಂಬತ್ತನೇ ಕ್ಲಾಸ್ ಪುಸ್ತಕದಲ್ಲಿ 12,000ಕ್ಕೆ ಒಂದು, ಪ್ರಥಮ ಪಿಯು ಪುಸ್ತಕದಲ್ಲಿ 20,000ಕ್ಕೆ ಒಂದು, ಇನ್ನೆಲ್ಲೋ 8,000ಕ್ಕೆ ಒಂದು ಅಂತ ಓದಿದ್ದೇನೆ. ಯಾವುದು ಸರಿ?

ಪ್ರಯೋಗಶಾಲೆ, ಬೆಂಗಳೂರು · ಮಂಗಳವಾರ ಸಂಜೆ 7:10

8,000 ಮತ್ತು 20,000 ಎರಡಕ್ಕೂ ಮೂಲ ಇದೆ, ಆದರೆ ಅವು ಒಂದೇ ಪ್ರಯೋಗದ ಸಂಖ್ಯೆಗಳಲ್ಲ. 1909ರಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಮ್ಯಾಂಚೆಸ್ಟರಿನಲ್ಲಿ ಅಳೆದಾಗ ಪ್ಲಾಟಿನಂ ಫಲಕದಿಂದ ಸುಮಾರು 8,000ಕ್ಕೆ ಒಂದು ಕಣ ಹಿಂದಿರುಗಿತು. 1911ರ ಪ್ರಬಂಧದಲ್ಲಿ ರುದರ್‌ಫೋರ್ಡ್ ಬರೆದದ್ದು ತೆಳು ಚಿನ್ನದ ಹಾಳೆಯ ಬಗ್ಗೆ: 0.00004 ಸೆಂಟಿಮೀಟರ್ ದಪ್ಪದ ಹಾಳೆ ದಾಟುವಾಗ ಸುಮಾರು 20,000ಕ್ಕೆ ಒಂದು ಕಣ ಸರಾಸರಿ 90 ಡಿಗ್ರಿ ತಿರುಗಿತು. ಯಾವ ಲೋಹ, ಎಷ್ಟು ದಪ್ಪ, ಎಷ್ಟು ಕೋನ ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಪರೀಕ್ಷೆಗೆ ನಿನ್ನ ಪುಸ್ತಕದಲ್ಲಿ ಇರುವುದನ್ನು ಬರಿ. ತಿಳಿದುಕೊಳ್ಳಬೇಕಾದದ್ದು ‘ಬಹಳ ಅಪರೂಪಕ್ಕೆ, ಆದರೆ ಖಂಡಿತವಾಗಿ’ ಎಂಬುದನ್ನು. ಮೇಷ್ಟ್ರು ಹೇಳಿದ ಗುಮ್ಮಟದೊಳಗೆ ಕಣ್ಣುಮುಚ್ಚಿ ಕಲ್ಲೆಸೆದರೆ ರಾಗಿ ಕಾಳಿಗೆ ತಗಲುವುದು ಎಷ್ಟು ಅಪರೂಪ, ಯೋಚಿಸು. ಹಾಳೆಯಲ್ಲಿ ಗುಮ್ಮಟಗಳು ಸಾವಿರಾರು ಪದರ ಇದ್ದದ್ದರಿಂದ ಅಷ್ಟಾದರೂ ತಗಲಿತು.

ಕಾರವಾರದವ · ಮಂಗಳವಾರ ರಾತ್ರಿ 9:20

ಮೇಷ್ಟ್ರು ಹೇಳಿದಂತೆ ಗದ್ದಲವೆಲ್ಲ ಹೊರಗಿನ ಎಲೆಕ್ಟ್ರಾನ್‌ಗಳದ್ದೇ ಎಂದರೆ, ‘ಸಮಸ್ಥಾನಿಗಳ ರಾಸಾಯನಿಕ ಗುಣ ಒಂದೇ’ ಎಂಬಲ್ಲಿಗೆ ಬಂದಂತಾಯಿತು. ಒಂಬತ್ತನೇ ತರಗತಿಗೆ ಅದು ಸಾಕು. ಆದರೆ ಹೈಡ್ರೋಜನ್ ವಿಷಯದಲ್ಲಿ ಅದನ್ನು ಹಾಗೇ ಬಿಡಬಾರದು.

ಕ್ಲೋರಿನ್ 35ಕ್ಕೂ 37ಕ್ಕೂ ತೂಕದಲ್ಲಿ ವ್ಯತ್ಯಾಸ ನೂರಕ್ಕೆ ಆರರಷ್ಟು. ಹೈಡ್ರೋಜನ್ ಹಾಗಲ್ಲ. ಒಂದು ಪ್ರೋಟಾನ್ ಪಕ್ಕ ಒಂದು ನ್ಯೂಟ್ರಾನ್ ಬಂದು ಕೂತರೆ ತೂಕ ಎರಡರಷ್ಟು. ಅದೇ ಡ್ಯೂಟೀರಿಯಂ, 1931ರಲ್ಲಿ ಹೆರಾಲ್ಡ್ ಯೂರಿ ಕಂಡದ್ದು. ಅದರಿಂದಾದ ನೀರು ಭಾರಜಲ. ನೋಡಲು ನೀರಿನ ಹಾಗೇ ಇರುತ್ತದೆ. ಆದರೆ ಹೆಪ್ಪುಗಟ್ಟುವುದು 3.8 ಡಿಗ್ರಿಯಲ್ಲಿ, ಕುದಿಯುವುದು 101.4ರಲ್ಲಿ. ಅದರ ಮಂಜುಗಡ್ಡೆಯನ್ನು ಮಾಮೂಲಿ ನೀರಿನ ಲೋಟಕ್ಕೆ ಹಾಕಿದರೆ ತೇಲುವುದಿಲ್ಲ, ತಳಕ್ಕೆ ಇಳಿಯುತ್ತದೆ. 1933ರಲ್ಲಿ ಗಿಲ್ಬರ್ಟ್ ಲೂಯಿಸ್ ತಂಬಾಕಿನ ಬೀಜವನ್ನು ಶುದ್ಧ ಭಾರಜಲದಲ್ಲಿಟ್ಟಾಗ ಅದು ಮೊಳೆಯಲೇ ಇಲ್ಲ.

ನಮ್ಮ ಕೈಗಾದ ರಿಯಾಕ್ಟರ್‌ಗಳು ನಡೆಯುವುದೇ ಈ ನೀರಿನಿಂದ. ಗಣಿಯಿಂದ ಬರುವ ಯುರೇನಿಯಂನಲ್ಲಿ 235ರ ಪಾಲು ನೂರಕ್ಕೆ 0.7 ಮಾತ್ರ, ಉಳಿದದ್ದು ಹೆಚ್ಚುಕಡಿಮೆ ಪೂರಾ 238. ನಿಧಾನಗತಿಯ ನ್ಯೂಟ್ರಾನ್ ಬಡಿದರೆ ಸಲೀಸಾಗಿ ಒಡೆಯುವುದು 235. ಇಷ್ಟು ಕಡಿಮೆ ಇರುವಾಗ ಒಂದೊಂದು ನ್ಯೂಟ್ರಾನೂ ಅಮೂಲ್ಯ. ಮಾಮೂಲಿ ನೀರು ನ್ಯೂಟ್ರಾನ್ ವೇಗ ತಗ್ಗಿಸುತ್ತದೆ, ಜೊತೆಗೆ ಒಂದಷ್ಟನ್ನು ನುಂಗಿಯೂ ಬಿಡುತ್ತದೆ. ಡ್ಯೂಟೀರಿಯಂ ಹತ್ತಿರ ಆಗಲೇ ಒಂದು ನ್ಯೂಟ್ರಾನ್ ಇದೆ, ಇನ್ನೊಂದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಹಾಗಾಗಿ ಯುರೇನಿಯಂ ಸಂಸ್ಕರಿಸಿ 235ರ ಪಾಲು ಹೆಚ್ಚಿಸದೆಯೂ ರಿಯಾಕ್ಟರ್ ನಡೆಯುತ್ತದೆ. ಒಂದು ನ್ಯೂಟ್ರಾನ್ ಹೆಚ್ಚಿಗೆ ಇರುವ ಹೈಡ್ರೋಜನ್, ಮೂರು ನ್ಯೂಟ್ರಾನ್ ಕಡಿಮೆ ಇರುವ ಯುರೇನಿಯಂ. ನಮ್ಮ ಜಿಲ್ಲೆಯಲ್ಲಿ ಹುಟ್ಟುವ ಕರೆಂಟಿನ ಒಂದು ದೊಡ್ಡ ಪಾಲು ನಿಂತಿರುವುದು ಇವೆರಡರ ಮೇಲೆ.

ಗದಗಿನ ಮೇಷ್ಟ್ರು · ಮಂಗಳವಾರ ರಾತ್ರಿ 9:50

ಒಪ್ಪಿದೆ ಸಾಹೇಬ್ರ. ಇನ್ನ ಮ್ಯಾಲ ‘ಬಹುತೇಕ ಒಂದೇ’ ಅಂತ ಹೇಳ್ತೀನಿ.

ಮೈಸೂರು ಸೊಸೆ · ಮಂಗಳವಾರ ರಾತ್ರಿ 11:05

ನಾನು ವಿಜ್ಞಾನ ಓದಿದವಳಲ್ಲ. ಈ ಸಮಸ್ಥಾನಿ ಅನ್ನೋ ಪದವನ್ನೂ ಇಲ್ಲೇ ಮೊದಲು ನೋಡಿದ್ದು. ಆದರೆ ಓದುತ್ತಾ ಓದುತ್ತಾ ನಮ್ಮತ್ತೆಯವರ ಟ್ರೀಟ್‌ಮೆಂಟ್ ನೆನಪಾಗಿ, ಬರೆಯಲೇಬೇಕು ಅನ್ನಿಸ್ತು.

ನಮ್ಮತ್ತೆಗೆ ಥೈರಾಯ್ಡ್ ಕ್ಯಾನ್ಸರ್. ಆಪರೇಷನ್ ಆದ ಮೇಲೆ ಅಯೋಡಿನ್-131 ಕೊಡ್ತೀವಿ ಅಂದರು. ಅದಕ್ಕೆ ಮೊದಲು ಎರಡು ವಾರ ಅಯೋಡಿನ್ ಉಪ್ಪು ಬೇಡ, ಮೀನು ಬೇಡ, ಮೊಟ್ಟೆ ಬೇಡ, ಹಾಲು ಮೊಸರು ಬೇಡ ಅಂತ ಚೀಟಿ ಕೊಟ್ಟರು. ಅಯೋಡಿನ್ ಇಲ್ಲದ ಉಪ್ಪಿಗೆ ನಾಲ್ಕು ಅಂಗಡಿ ತಿರುಗಿದೆ. ನನಗೆ ಆಗ ಸಿಟ್ಟೇ ಬಂದಿತ್ತು. ಅಯೋಡಿನ್ ಔಷಧಿ ಕೊಡ್ತಾರಂತೆ, ಅಯೋಡಿನ್ ಇರೋ ಉಪ್ಪು ತಿನ್ನಬೇಡಿ ಅಂತಾರೆ, ಇದೆಂಥ ನ್ಯಾಯ ಅಂತ. ಕೇಳಿದರೆ ಹೇಳೋಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಆಮೇಲೆ ಅತ್ತೆ ಒಂದೇ ಕೋಣೆಯಲ್ಲಿ ಮೂರು ದಿನ. ಒಂದು ಮಾತ್ರೆ, ಅಷ್ಟೇ. ಊಟ ಬಾಗಿಲ ಹತ್ತಿರ ಇಟ್ಟು ಹೋಗೋರು. ಶೌಚಕ್ಕೆ ಹೋದರೆ ಎರಡು ಸಲ ಫ್ಲಶ್ ಮಾಡಬೇಕು. ಮನೆಗೆ ಬಂದ ಮೇಲೂ ನನ್ನ ಎರಡು ವರ್ಷದ ಮಗನನ್ನು ಅವರು ಎತ್ತಿಕೊಳ್ಳೋ ಹಾಗಿರಲಿಲ್ಲ. ಅವನು ಬಾಗಿಲಲ್ಲಿ ನಿಂತು ಅಜ್ಜಿ ಅಜ್ಜಿ ಅನ್ನೋನು, ಇವರು ಮಂಚದ ಮೇಲಿಂದ ಕೈ ಬೀಸೋರು. ಈಗ ಚೆನ್ನಾಗಿದ್ದಾರೆ.

ಇವತ್ತು ಇದೆಲ್ಲ ಓದಿ ಅನ್ನಿಸಿದ್ದು: ಉಪ್ಪಿನ ಅಯೋಡಿನ್ ಬೇಡ ಅಂದಿದ್ದು, ಅದೂ ಇದೂ ಎರಡೂ ಗಂಟಲಿನ ಗ್ರಂಥಿಗೆ ಒಂದೇ ಥರ ಕಾಣೋದ್ರಿಂದಾನಾ?

ಪ್ರಯೋಗಶಾಲೆ, ಬೆಂಗಳೂರು · ಬುಧವಾರ ಬೆಳಿಗ್ಗೆ 7:00

ಹೌದಮ್ಮ, ಅದೇ ಕಾರಣ. ನೀವೇ ಸರಿಯಾಗಿ ಹಿಡಿದಿದ್ದೀರಿ. ಅತ್ತೆಯವರು ಹುಷಾರಾಗಿದ್ದಾರೆ ಎಂದು ಓದಿ ಸಮಾಧಾನವಾಯಿತು.

ಉಪ್ಪಿನಲ್ಲಿರುವುದು ಅಯೋಡಿನ್-127: 53 ಪ್ರೋಟಾನ್, 74 ನ್ಯೂಟ್ರಾನ್. ಮಾತ್ರೆಯಲ್ಲಿದ್ದದ್ದು ಅಯೋಡಿನ್-131: ಪ್ರೋಟಾನ್ ಅದೇ 53, ನ್ಯೂಟ್ರಾನ್ 78. ಥೈರಾಯ್ಡ್ ಜೀವಕೋಶ ರಕ್ತದಿಂದ ಎಳೆದುಕೊಳ್ಳುವುದು ಅಯೋಡೈಡ್ ಅಯಾನನ್ನು. ಅದಕ್ಕೆ ತಾಗುವುದು ಹೊರಗಿನ ಎಲೆಕ್ಟ್ರಾನ್‌ಗಳು, ಅವು ಎರಡರಲ್ಲೂ ಒಂದೇ. ಒಳಗಿನ ರಾಗಿ ಕಾಳಿನಲ್ಲಿ ನಾಲ್ಕು ನ್ಯೂಟ್ರಾನ್ ಹೆಚ್ಚಿವೆ ಎಂದು ಜೀವಕೋಶಕ್ಕೆ ತಿಳಿಯುವ ದಾರಿಯೇ ಇಲ್ಲ. ಎರಡು ವಾರ ಅಯೋಡಿನ್ ಸಿಗದೆ ಹಸಿದ ಜೀವಕೋಶಗಳು ಮಾತ್ರೆಯಲ್ಲಿದ್ದುದನ್ನು ಆತುರದಿಂದ ಎಳೆದುಕೊಳ್ಳುತ್ತವೆ. ಮೊದಲೇ ಉಪ್ಪಿನಿಂದ ಹೊಟ್ಟೆ ತುಂಬಿದ್ದರೆ ಔಷಧಿ ಮೂತ್ರದಲ್ಲಿ ಹೊರಟುಹೋಗುತ್ತಿತ್ತು.

ಒಳಗೆ ಸೇರಿದ ಮೇಲೆ ಆ ನಾಲ್ಕು ನ್ಯೂಟ್ರಾನ್ ಕೆಲಸ ಶುರುವಾಗುತ್ತದೆ. ನ್ಯೂಕ್ಲಿಯಸ್ ಸ್ಥಿರವಾಗಿ ನಿಲ್ಲಲಾರದೆ, ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಮಾರ್ಪಟ್ಟು ಬೀಟಾ ಕಣವನ್ನು, ಅಂದರೆ ವೇಗದ ಎಲೆಕ್ಟ್ರಾನನ್ನು, ಹೊರಗೆ ಚಿಮ್ಮಿಸುತ್ತದೆ. ಅದು ಒಂದೆರಡು ಮಿಲಿಮೀಟರಿನೊಳಗೆ ನಿಂತುಹೋಗಿ, ಅಷ್ಟರಲ್ಲಿ ಸಿಕ್ಕ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಜೊತೆಗೆ ಬರುವ ಗಾಮಾ ಕಿರಣ ಮೈಯಿಂದ ಹೊರಗೂ ಬರುತ್ತದೆ, ಮೊಮ್ಮಗನನ್ನು ದೂರ ಇಟ್ಟದ್ದು ಅದಕ್ಕೆ. ಅರ್ಧಾಯುಷ್ಯ 8 ದಿನ. 8 ದಿನಕ್ಕೆ ಅರ್ಧ, 16ಕ್ಕೆ ಕಾಲು, 80 ದಿನಕ್ಕೆ ಸಾವಿರದಲ್ಲಿ ಒಂದು ಪಾಲು. ಮೈಯಿಂದ ಹೊರಹೋಗುವುದೂ ಸೇರಿದರೆ ಇನ್ನೂ ಬೇಗ.

ಮೇಷ್ಟ್ರ ಮಾತಿಗೆ ಇಲ್ಲೊಂದು ಸೇರ್ಪಡೆ. ನ್ಯೂಟ್ರಾನ್ ಪ್ರೋಟಾನ್ ಆದಾಗ ಎಣಿಕೆ 54 ಆಗುತ್ತದೆ. 54 ಅಂದರೆ ಅಯೋಡಿನ್ ಅಲ್ಲ, ಕ್ಸೆನಾನ್ ಎಂಬ ಅನಿಲ. ಹೆಸರು ಬದಲಾಯಿತು. ಒಲೆಯ ಮೇಲೆ ಎಂದೂ ಆಗದ್ದು ಆ ಕೋಣೆಯಲ್ಲಿ, ನಿಮ್ಮ ಅತ್ತೆಯ ಗಂಟಲಿನೊಳಗೆ, ಕ್ಷಣಕ್ಷಣಕ್ಕೂ ಆಗುತ್ತಿತ್ತು.

ಮೈಸೂರು ಸೊಸೆ · ಬುಧವಾರ ಬೆಳಿಗ್ಗೆ 7:40

ಅತ್ತೆಗೆ ಓದಿ ಹೇಳಿದೆ. “ಅಷ್ಟು ದಿನ ಸಪ್ಪೆ ತಿಂದಿದ್ದು ದಂಡ ಆಗಲಿಲ್ಲ ಬಿಡು” ಅಂದರು. ತುಂಬಾ ಥ್ಯಾಂಕ್ಸ್ ಸರ್.

ಪಾವಗಡ · ಬುಧವಾರ ಮಧ್ಯಾಹ್ನ 1:15

ಅಯಾನಿನ ಬಗ್ಗೆ ನಮ್ಮ ಕಡೆಯ ಮಾತು ಒಂದು. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ನನ್ನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ ಇವೆ, ನನ್ನ ಜೊತೆ ಓದಿದ ಮುಕ್ಕಾಲು ಜನಕ್ಕೂ ಇವೆ. ಫೋಟೋ ತೆಗೆಯುವಾಗ ನಾವು ಬಾಯಿ ಮುಚ್ಚಿಯೇ ನಗುವುದು.

ಫ್ಲೋರಿನ್ ಬೇರೆ, ಫ್ಲೋರೈಡ್ ಬೇರೆ. ಫ್ಲೋರಿನ್ ಉಗ್ರ ವಿಷಾನಿಲ, ಗಾಜನ್ನೂ ಬಿಡುವುದಿಲ್ಲ. ಅದರ ಪರಮಾಣುವಿಗೆ ಒಂದು ಎಲೆಕ್ಟ್ರಾನ್ ಸೇರಿ 9 ಇದ್ದದ್ದು 10 ಆದರೆ ಫ್ಲೋರೈಡ್ ಅಯಾನು. ಆಮೇಲೆ ಬಣ್ಣ ಇಲ್ಲ, ವಾಸನೆ ಇಲ್ಲ, ನೀರಿನಲ್ಲಿ ಸುಮ್ಮನೆ ಕರಗಿರುತ್ತೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಿಯಮ. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಮೂಳೆ.

ಇದನ್ನು ಬರೆಯಲು ಕಾರಣ ಇದೆ. ನಮ್ಮ ಸಂಬಂಧಿಕರೊಬ್ಬರಿಗೆ ಗಡಸು ನೀರಿನ ಸಾಫ್ಟ್‌ನರ್ ಮಾರಿದವರು ‘ಇದು ಫ್ಲೋರೈಡೂ ತೆಗೆಯುತ್ತೆ’ ಅಂದಿದ್ದರು. ತೆಗೆಯಲ್ಲ. ಸಾಫ್ಟ್‌ನರ್ ಒಳಗಿನ ರಾಳದ ಮಣಿಗಳು ಸೋಡಿಯಂ ಅಯಾನು ಹಿಡಿದುಕೊಂಡಿರುತ್ತವೆ. ಕ್ಯಾಲ್ಸಿಯಂ ಎರಡು ಪ್ಲಸ್, ಸೋಡಿಯಂ ಒಂದು ಪ್ಲಸ್. ಹಾಗಾಗಿ ಒಂದು ಕ್ಯಾಲ್ಸಿಯಂ ಹಿಡಿದುಕೊಂಡು ಎರಡು ಸೋಡಿಯಂ ನೀರಿಗೆ ಬಿಡುತ್ತವೆ. ಆಗಾಗ ಮೂಟೆ ಉಪ್ಪು ಹಾಕೋದು ಖಾಲಿಯಾದ ಸೋಡಿಯಂ ತುಂಬಲಿಕ್ಕೆ. ಎಲ್ಲ ಪ್ಲಸ್ ಅಯಾನುಗಳ ವ್ಯವಹಾರ. ಫ್ಲೋರೈಡ್ ಮೈನಸ್, ಅದು ಹಾಗೇ ಕೆಳಗಿಳಿದು ಲೋಟಕ್ಕೆ ಬರುತ್ತೆ. ಕುದಿಸಿದರೂ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ ಅಷ್ಟೇ. ಆರ್‌ಒ ಬೇಕು, ಇಲ್ಲಾ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್. ನಮ್ಮೂರಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳೋ ಶುದ್ಧ ನೀರಿನ ಘಟಕ ಇದೆ, ಅದು ಕೆಟ್ಟು ನಿಂತ ದಿನ ಮಾತ್ರ ಎಲ್ಲರಿಗೂ ಅಯಾನಿನ ನೆನಪಾಗೋದು. ಪ್ಲಸ್ಸೋ ಮೈನಸ್ಸೋ ಅನ್ನೋದು ಪರೀಕ್ಷೆಯ ಅಂಕದ ವಿಷಯ ಮಾತ್ರ ಅಲ್ಲ ಅಕ್ಕ, ಮಗಳಿಗೆ ಇದನ್ನೂ ಹೇಳಿ.

ಪದಪ್ರೇಮಿ, ಧಾರವಾಡ · ಬುಧವಾರ ಸಂಜೆ 6:00

‘ಸಮಸ್ಥಾನಿ’ ಪದದ ಬಗ್ಗೆ ಯಾರೂ ಮಾತಾಡಲಿಲ್ಲ. ಗ್ರೀಕಿನಲ್ಲಿ ‘ಐಸೊ’ ಅಂದರೆ ಸಮ, ‘ಟೋಪೋಸ್’ ಅಂದರೆ ಸ್ಥಾನ. ಗ್ಲಾಸ್ಗೋದಲ್ಲಿದ್ದ ಫ್ರೆಡರಿಕ್ ಸಾಡಿಗೆ ಈ ಹೆಸರು ಸೂಚಿಸಿದವರು ಮಾರ್ಗರೆಟ್ ಟಾಡ್ ಎಂಬ ವೈದ್ಯೆ, 1913ರಲ್ಲಿ. ತೂಕ ಬೇರೆಯಾದರೂ ಆವರ್ತ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಕೂರುವಂಥವು ಎಂದು ಅರ್ಥ. ಕನ್ನಡದ ಮಗುವಿಗೆ ‘ಐಸೋಟೋಪ್’ ಬರೀ ಸದ್ದು. ‘ಸಮಸ್ಥಾನಿ’ ಅಂದರೆ ಅರ್ಥ ಪದದೊಳಗೇ ಇದೆ. ಇಂಥ ಪದವನ್ನು ಶಿಕ್ಷಕರೇ ಕೈಬಿಟ್ಟು ‘ಐಸೋಟೋಪ್’ ಅನ್ನುವುದು ನೋಡಿದರೆ ಸಂಕಟವಾಗುತ್ತದೆ.

ದ್ವಿತೀಯ ಪಿಯು · ಬುಧವಾರ ಸಂಜೆ 6:25

ಸರ್, ನಾನು ಹತ್ತರವರೆಗೆ ಕನ್ನಡ ಮಾಧ್ಯಮ. ಪಿಯುಗೆ ಬಂದ ಮೊದಲ ಎರಡು ತಿಂಗಳು ಕ್ಲಾಸಿನಲ್ಲಿ ಏನು ನಡೀತಿದೆ ಅಂತಲೇ ತಿಳೀತಿರಲಿಲ್ಲ. ನನಗೆ ಸಮಸ್ಥಾನಿ ಗೊತ್ತಿತ್ತು, ಅದನ್ನೇ ಐಸೋಟೋಪ್ ಅಂತಿದ್ದಾರೆ ಅಂತ ಗೊತ್ತಾಗಲಿಲ್ಲ. ಗೊತ್ತಿರೋ ಪಾಠಕ್ಕೇ ಅಂಕ ಕಳಕೊಂಡೆ. ಎರಡೂ ಪದ ಒಟ್ಟಿಗೆ ಕಲಿಸಬೇಕು. ಒಂದು ಬಿಟ್ಟು ಒಂದು ಅಲ್ಲ.

ಪದಪ್ರೇಮಿ, ಧಾರವಾಡ · ಬುಧವಾರ ಸಂಜೆ 6:40

ನಿನ್ನ ಮಾತು ನ್ಯಾಯವಾದದ್ದು ತಮ್ಮಾ. ಎರಡನ್ನೂ ಕಲಿಸಲಿ. ಆದರೆ ಅರ್ಥ ಹೇಳುವ ಪದ ಮೊದಲು ಬರಲಿ.

ಗದಗಿನ ಮೇಷ್ಟ್ರು · ಬುಧವಾರ ಸಂಜೆ 7:15

ತುಮಕೂರಿನ ತಂಗಿ, ಮಗಳಿಗೆ ಒಂದು ಲೆಕ್ಕ ಕೊಡ್ರಿ. ಬ್ರೋಮಿನ್ ಎರಡು ಥರ: 79ರದು ನೂರಕ್ಕ 50.7, 81ರದು 49.3. ಸರಾಸರಿ ತಗೀಲಿ. ಉತ್ತರ ಬಂದ ಮ್ಯಾಲ ಅಲ್ಲಿಗೆ ಬಿಡಬಾರದು, ಆ ಉತ್ತರದ ಬಗ್ಗೆ ತನಗೇನು ಅನಿಸ್ತು ಅಂತ ಒಂದು ಸಾಲು ಬರೀಲಿ.

ತುಮಕೂರಿನ ಅಮ್ಮ · ಬುಧವಾರ ರಾತ್ರಿ 8:50

ಮೇಷ್ಟ್ರೇ, ಇದು ಅವಳೇ ಟೈಪ್ ಮಾಡಿದ್ದು, ಹಾಗೇ ಹಾಕ್ತಿದ್ದೀನಿ:

“79 × 50.7 = 4005.3. 81 × 49.3 = 3993.3. ಕೂಡಿದರೆ 7998.6. ನೂರರಿಂದ ಭಾಗಿಸಿದರೆ 79.986, ಅಂದರೆ ಹೆಚ್ಚುಕಡಿಮೆ 80. ಮೊದಲು ಸರಿಯಾಗಿ ಬಂತು ಅಂತ ಖುಷಿಯಾಯಿತು, ಅರ್ಧ ಇಲ್ಲ, ಪೂರ್ಣ ಸಂಖ್ಯೆ. ಆಮೇಲೆ ನೋಡಿದರೆ 80 ತೂಕದ ಬ್ರೋಮಿನ್ ಪರಮಾಣು ಈ ಲೆಕ್ಕದಲ್ಲಿ ಒಂದೂ ಇಲ್ಲ. ಎಲ್ಲ 79 ಇಲ್ಲಾ 81. ಕ್ಲೋರಿನ್‌ನಲ್ಲಿ .5 ಇದ್ದಿದ್ದಕ್ಕೆ ನನಗೆ ಅನುಮಾನ ಬಂತು. ಪುಸ್ತಕದಲ್ಲಿ ಬ್ರೋಮಿನ್ ಮೊದಲು ಬಂದಿದ್ದರೆ ನಾನು ಕೇಳ್ತಾನೇ ಇರಲಿಲ್ಲ ಸರ್. 80 ಅಂತ ಬರೆದುಕೊಂಡು ಮುಂದೆ ಹೋಗ್ತಿದ್ದೆ.”